ಚರ್ಮದ ಮೇಲೆ ರೂಢಿಯ ಗುರುತು

‘ಜೀವನಶೈಲಿ ಮತ್ತು ಚರ್ಮ’ ಎಂಬ ತಲೆಬರಹದಡಿ ಈಗ ಬರುತ್ತಿರುವ ಬರಹಗಳನ್ನು ಓದಿದರೆ, ಚರ್ಮದ ಆರೋಗ್ಯವೆಂದರೆ ದಿನಕ್ಕೆ ಎಂಟು ಲೋಟ ನೀರು, ಎಂಟು ತಾಸು ನಿದ್ದೆ, ಬೆಳಿಗ್ಗೆಗೊಂದು ಸೀರಮ್, ರಾತ್ರಿಗೊಂದು ಸೀರಮ್ ಎಂದೇ ಅನಿಸುತ್ತದೆ. ನೀರೂ ಬೇಕು, ನಿದ್ದೆಯೂ ಬೇಕು. ಆದರೆ ಮೈಯಲ್ಲಿ ನೀರಿನ ಕೊರತೆಯೇ ಇಲ್ಲದವರು ಇನ್ನೂ ನಾಲ್ಕು ಲೋಟ ಕುಡಿದರೆ ಚರ್ಮ ಹೊಳೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಜೀವನಶೈಲಿಗೂ ಚರ್ಮಕ್ಕೂ ಇರುವ ನಂಟಿನ ಶಾಸ್ತ್ರವನ್ನು ನಿಜಕ್ಕೂ ಕಟ್ಟಿದವರು, ಜನ ಏನು ಕೆಲಸ ಮಾಡುತ್ತಾರೆ, ಏನು ಉಡುತ್ತಾರೆ, ಯಾವುದರಿಂದ ಮೈ ತಿಕ್ಕುತ್ತಾರೆ ಎಂದು ಬಿಡದೆ ಕೇಳಿದವರು. ಹಾಗೆ ಕೇಳುವ ಅಭ್ಯಾಸ ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ಚೆನ್ನಾಗಿಯೇ ಇತ್ತು.

ಯುರೋಪಿನ ಆರಂಭದ ಘಟ್ಟ ಎಲ್ಲ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರ ವೃಷಣಚೀಲಕ್ಕೆ ಬರುವ ಕ್ಯಾನ್ಸರಿಗೆ ಅಲ್ಲಿ ಮೆತ್ತಿಕೊಂಡ ಮಸಿಯೇ ಕಾರಣವೆಂದ. 1894ರಲ್ಲಿ ಹ್ಯಾಂಬರ್ಗಿನ ಪಾಲ್ ಉನ್ನಾ, ನಾವಿಕರ ಮುಖ ಮತ್ತು ಕೈಗಳ ಚರ್ಮ ಬಿಸಿಲು ಗಾಳಿಗೆ ಹೇಗೆ ಕೆಡುತ್ತದೆಂದು ಬರೆದ. ಮರುವರ್ಷ ಯೋಸೆಫ್ ಯಾಡಾಸೋನ್, ಮೈಗೆ ಒಗ್ಗದ ಪದಾರ್ಥ ಯಾವುದೆಂದು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ತಂದ. 1928ರಲ್ಲಿ ಶಾಡೆ ಮತ್ತು ಮಾರ್ಕಿಯೋನಿನಿ ಚರ್ಮದ ಮೇಲ್ಮೈಗೆ ತನ್ನದೇ ಆಮ್ಲದ ಹೊದಿಕೆ ಇದೆಯೆಂದು ತೋರಿಸಿದರು. ಸಾಬೂನು ಕ್ಷಾರ. ಹೆಚ್ಚು ನೊರೆ ಬಂದಷ್ಟೂ ಮೈ ಶುದ್ಧ ಎಂಬ ನಂಬಿಕೆ ಅಂದೇ ಸಡಿಲಬೇಕಿತ್ತು; ಇಂದಿಗೂ ಸಡಿಲಿಲ್ಲ.

ನಮ್ಮ ಕಡೆಯ ಮೊದಲ ದಾಖಲೆ ಕಾಶ್ಮೀರದ್ದು. ಚಳಿಗಾಲದಲ್ಲಿ ಕೆಂಡ ತುಂಬಿದ ಕಾಂಗ್ರಿ ಎಂಬ ಮಡಕೆಯನ್ನು ಉಡುಪಿನೊಳಗೆ, ಹೊಟ್ಟೆ ಮತ್ತು ತೊಡೆಗಳಿಗೆ ತಾಗುವಂತೆ ಇಟ್ಟುಕೊಳ್ಳುವವರಿಗೆ ಅದೇ ಜಾಗದಲ್ಲಿ ಬರುವ ಕ್ಯಾನ್ಸರನ್ನು ಎಲ್ಮ್ಸ್‌ಲಿ ಎಂಬ ಮಿಷನರಿ ವೈದ್ಯ 1866ರಲ್ಲಿ ವರದಿ ಮಾಡಿದ. ಆದರೆ ಈ ಕ್ಷೇತ್ರದ ನಿಜವಾದ ಹಿರಿಯರೆಂದು ನಾನು ಎಣಿಸುವುದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ ಅವರನ್ನು. ಸೂರ್ಯಾಬಾಯಿಯವರ ಜೊತೆ 1945ರಲ್ಲಿ ಅವರು ಪ್ರಕಟಿಸಿದ ಪ್ರಬಂಧ, ಕ್ಯಾನ್ಸರಿಗೂ ಜನರ ರೂಢಿಗಳಿಗೂ ಇರುವ ಸಂಬಂಧವನ್ನು ಕುರಿತದ್ದು. ಸುಣ್ಣ ಬೆರೆಸಿದ ಖೈನಿ ಇಡುವ ಜಾಗ, ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವವರ ಅಂಗುಳ, ಇವೆರಡರ ಜೊತೆಗೆ ಧೋತ್ರ ಬಿಗಿಯುವ ಸೊಂಟದ ಪಟ್ಟಿಯೂ ಅದರಲ್ಲಿತ್ತು. ದಿನವೂ ಅದೇ ಜಾಗದಲ್ಲಿ ಬಿಗಿದ ಗಂಟು, ಅದರಡಿ ಬೆವರು, ತಿಕ್ಕಾಟ. ಮೊದಲು ಕಪ್ಪು ಗೆರೆ, ಆಮೇಲೆ ಬಿಳಿಚಿದ ಒರಟು ಚರ್ಮ, ಕೆಲವರಲ್ಲಿ ವರ್ಷಗಳ ಬಳಿಕ ವಾಸಿಯಾಗದ ಹುಣ್ಣು. ಸೀರೆಯೊಳಗಿನ ಲಂಗದ ಲಾಡಿಯಿಂದ ಹೆಂಗಸರಿಗೂ ಹೀಗಾಗುವುದು ಬಹಳ ತಡವಾಗಿ ವರದಿಯಾಯಿತು. ಇಂಥ ಕ್ಯಾನ್ಸರ್ ತೀರಾ ಅಪರೂಪ, ಲಾಡಿಯ ಗುರುತು ಮಾತ್ರ ಸರ್ವೇಸಾಮಾನ್ಯ. ಖಾನೋಲ್ಕರ್ ಹಾಕಿಕೊಟ್ಟ ದಾರಿಯಲ್ಲಿ ನಾವು ನಡೆದಿದ್ದರೆ ನಮ್ಮ ಶಾಸ್ತ್ರದ ಚಹರೆಯೇ ಬೇರೆಯಾಗಿರುತ್ತಿತ್ತು.

ಆ ದಾರಿಯನ್ನು ಸ್ವಲ್ಪ ದೂರವಾದರೂ ನಡೆದವರು ಪ್ಯಾಚ್ ಟೆಸ್ಟ್ ಪರಂಪರೆಯವರು. ನಾನು ಕಲಿತದ್ದು ಆ ಪರಂಪರೆಯಲ್ಲೇ. ದೆಹಲಿಯ ಏಮ್ಸ್‌ನಲ್ಲಿ ಜೆ.ಎಸ್. ಪಸ್ರಿಚಾ ಅವರು, ಅಲಹಾಬಾದಿನಲ್ಲಿ ಎ.ಕೆ. ಬಜಾಜ್ ಅವರು ರೋಗಿಯ ಮನೆ, ಹೊಲ, ಕಾರ್ಖಾನೆಯೊಳಗಿನ ಪದಾರ್ಥಗಳನ್ನೇ ಬೆನ್ನಿಗೆ ಅಂಟಿಸಿ ನೋಡುವುದನ್ನು ಶಿಸ್ತಾಗಿ ಬೆಳೆಸಿದರು. ಕರ್ನಾಟಕಕ್ಕೆ ಇದು ಹತ್ತಿರದ ಮಾತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಕಾಂಗ್ರೆಸ್ ಗಿಡ ಬೆಂಗಳೂರಿನ ಖಾಲಿ ಸೈಟುಗಳಿಗೂ ನಮ್ಮ ಹೊಲದ ಬದುಗಳಿಗೂ ಹಬ್ಬಿದ ಮೇಲೆ, ನಡುವಯಸ್ಸಿನ ರೈತರು ಕಣ್ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ದಪ್ಪಗಟ್ಟಿದ ಇಸುಬಿನೊಂದಿಗೆ ಬರತೊಡಗಿದರು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಆ ಗಿಡದೊಳಗಿನ ಪಾರ್ಥೆನಿನ್ ಎಂಬ ವಸ್ತುವಿಗೆ ಒಗ್ಗದ ಮೈಗಳನ್ನು ಅಧ್ಯಯನ ಮಾಡಿದರು. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಈ ಪರಂಪರೆಯ ಇನ್ನೊಂದು ಗಳಿಕೆ ಸ್ಟಿಕರ್ ಬಿಂದಿಯದು. ಅದರ ಅಂಟಿನ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಹಣೆಯ ಬಣ್ಣದ ಕೋಶಗಳನ್ನೇ ಕೊಂದು ಬಿಳಿ ಮಚ್ಚೆ ಉಳಿಸುತ್ತದೆ. ತೊನ್ನು ಬಂತೆಂದು ಹೆದರಿದ ಎಷ್ಟೋ ಕುಟುಂಬಗಳಿಗೆ ಈ ಒಂದು ತಿಳಿವಳಿಕೆ ಕೊಟ್ಟ ನೆಮ್ಮದಿ ಸಣ್ಣದಲ್ಲ.

ಈ ಪರಂಪರೆ ಕಲಿಸಿದ ನೋಟ ಎಂಥದೆಂಬುದಕ್ಕೆ ಒಂದು ಉದಾಹರಣೆ ಸಾಕು. ಬೆರಳ ತುದಿ ಸೀಳಿದೆಯೆಂದು ಹೆಂಗಸೊಬ್ಬರು ಬರುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅದೂ ಎಡಗೈಯದ್ದು ಮಾತ್ರ. ಬಲಗೈ ಚೆನ್ನಾಗಿದೆ. ಬಲಗೈಯಲ್ಲಿ ಚಾಕು ಹಿಡಿದು, ಎಡಗೈಯ ಆ ಮೂರು ಬೆರಳ ನಡುವೆ ಬೆಳ್ಳುಳ್ಳಿ ಎಸಳು ಒತ್ತಿ ಹಿಡಿಯುವವರ ಕೈ ಅದು. ಪಾತ್ರೆ ತೊಳೆಯುವ ಸೋಪಿನ ಇಸುಬು ಹೀಗೆ ಮೂರೇ ಬೆರಳಿಗೆ ನಿಲ್ಲುವುದಿಲ್ಲ. ಅಡುಗೆ ಮನೆಯಲ್ಲಿ ಕೈ ಹೇಗೆ ಆಡುತ್ತದೆಂದು ತಿಳಿಯದ ವೈದ್ಯ ಇಲ್ಲಿ ಮುಲಾಮು ಬರೆಯಬಲ್ಲ, ಕಾಯಿಲೆ ವಾಸಿ ಮಾಡಲಾರ.

ಅತ್ತ ಪಶ್ಚಿಮದಲ್ಲಿ ಕೆಲಸ ಬೇರೆ ದಿಕ್ಕಿಗೆ ಹೋಯಿತು. 1971ರಲ್ಲಿ ಹ್ಯಾರಿ ಡೇನಿಯಲ್ ಸಿಗರೇಟಿಗೂ ಮುಖದ ಸುಕ್ಕಿಗೂ ಗಂಟು ಹಾಕಿದ. ಪೀಟರ್ ಎಲಿಯಾಸ್ ಚರ್ಮದ ಹೊರಪದರವನ್ನು ಇಟ್ಟಿಗೆ-ಗಾರೆಯ ಗೋಡೆಯಾಗಿ ವಿವರಿಸಿದ ಮೇಲೆ, ಕಾದ ನೀರು ಮತ್ತು ಸೋಪು ತೊಳೆದೊಯ್ಯುವುದು ಆ ಗಾರೆಯನ್ನೇ, ಅಂದರೆ ಕೋಶಗಳ ನಡುವಿನ ಕೊಬ್ಬನ್ನು, ಎಂಬುದು ಸ್ಪಷ್ಟವಾಯಿತು. ಮೊಡವೆ ಮತ್ತು ಆಹಾರದ ಪ್ರಕರಣ ಮಾತ್ರ ನೋವಿನದು. 1969ರ ಒಂದು ಪ್ರಯೋಗ ಚಾಕೊಲೇಟಿಗೂ ಮೊಡವೆಗೂ ಸಂಬಂಧವಿಲ್ಲವೆಂದಿತು. ಹೋಲಿಕೆಗೆ ಕೊಟ್ಟ ಬಾರ್‌ನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದವು! ಆದರೂ ಮೂವತ್ತು ವರ್ಷ ಆ ಬಾಗಿಲು ಮುಚ್ಚಿಯೇ ಇತ್ತು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದವರಲ್ಲಿ ಮೊಡವೆಯೇ ಕಾಣಲಿಲ್ಲವೆಂದು ಕಾರ್ಡೇನ್ ತಂಡ 2002ರಲ್ಲಿ ಬರೆದ ಮೇಲೆ, ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ಊಟದ ಪ್ರಶ್ನೆ ಮತ್ತೆ ಎದ್ದಿತು.

ಬಿಸಿಲಿನ ಅಧ್ಯಯನಗಳಲ್ಲಿ ಆಸ್ಟ್ರೇಲಿಯಾದ ನಂಬೂರ್ ಪಟ್ಟಣದ್ದು ಮೇಲ್ಪಂಕ್ತಿಯದು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಸ್ಕ್ವಾಮಸ್ ಕೋಶದ ಕ್ಯಾನ್ಸರ್ ಸುಮಾರು 40 ಪ್ರತಿಶತ ಕಡಿಮೆಯಾಯಿತೆಂದು 1999ರಲ್ಲಿ ಅದು ತೋರಿಸಿತು. ಆದರೆ ಅದು ಬಿಳಿ ಚರ್ಮದ ಉತ್ತರ. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಚರ್ಮವನ್ನು ವರ್ಗೀಕರಿಸಿದಾಗ ಕಂದು, ಕಪ್ಪು ಬಣ್ಣಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ, ಅವನ್ನು ಆಮೇಲೆ ಸೇರಿಸಿದರು. ನಮ್ಮವರನ್ನು ಕಾಡುವುದು ಬಂಗು, ಕಪ್ಪು ಕಲೆ. ಬರೀ ಕಣ್ಣಿಗೆ ಕಾಣುವ ಬೆಳಕೇ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ, ಬಿಳಿ ಚರ್ಮವನ್ನಲ್ಲ ಎಂಬುದು ಪ್ರಯೋಗದಲ್ಲಿ ಚೆನ್ನಾಗಿ ಕಂಡದ್ದು 2010ರಲ್ಲಿ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಬೇಕು. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ಬಣ್ಣವಿಲ್ಲದ್ದನ್ನು.

ಕಪ್ಪಾದದ್ದನ್ನು ಉಜ್ಜಿ ತೆಗೆಯುವ ಹಟವೂ ನಮ್ಮ ದೊಡ್ಡ ರೂಢಿ. ಹದಿಹರೆಯದ ಮಗಳ ಕತ್ತು ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದರೆ ತಾಯಿ ಕೊಳೆಯೆಂದೇ ತಿಳಿದು ಕಡಲೆಹಿಟ್ಟು, ನಿಂಬೆಹಣ್ಣು, ಕೊನೆಗೆ ನೈಲಾನ್ ನಾರು ಹಿಡಿದು ತಿಕ್ಕುತ್ತಾಳೆ. ಅದು ಬಹುಮಟ್ಟಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ. ತಿಕ್ಕಿದಷ್ಟೂ ಇನ್ನಷ್ಟು ಕಪ್ಪಾಗುತ್ತದೆ. ಆ ಹುಡುಗಿಗೆ ಬೇಕಾದದ್ದು ತೂಕ, ಊಟ, ಓಡಾಟದ ವಿಚಾರಣೆ ಮತ್ತು ಒಂದು ರಕ್ತಪರೀಕ್ಷೆ.

ನನ್ನ ಪೀಳಿಗೆ ಕಣ್ಣಾರೆ ಕಂಡ ಅತಿ ದೊಡ್ಡ ಅನಾಹುತ ಮೆಡಿಕಲ್ ಶಾಪಿನಿಂದ ಬಂದದ್ದು. ಬೆಳ್ಳಗಾಗಲು, ಮೊಡವೆಗೆ, ಹುಳುಕಡ್ಡಿಗೆ, ಎಲ್ಲಕ್ಕೂ ಸ್ಟೀರಾಯ್ಡ್ ಬೆರೆತ ಟ್ಯೂಬು. ಮೊದಲ ಎರಡು ವಾರ ಮುಖ ನುಣುಪಾಗುತ್ತದೆ. ತಿಂಗಳುಗಳಾದ ಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಬಿಟ್ಟರೆ ಉರಿಯುತ್ತದೆ, ಉರಿ ತಾಳದೆ ಮತ್ತೆ ಹಚ್ಚುತ್ತಾರೆ. 2011ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿಂದ ಚರ್ಮರೋಗ ವಿಭಾಗಕ್ಕೆ ಬಂದ 2926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಸರ್ಕಾರ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಇಂದಿಗೂ ಹೆಸರು ಹೇಳಿದರೆ ಸಿಗುತ್ತವೆ. ಔಷಧಕ್ಕೆ ಬಗ್ಗದ ಹುಳುಕಡ್ಡಿ ದೇಶವಿಡೀ ಹಬ್ಬಿರುವುದರಲ್ಲಿ ಈ ಟ್ಯೂಬುಗಳ ಪಾಲೂ ಇದೆ, ಬೆವರಲ್ಲೇ ದಿನವಿಡೀ ತೊಡುವ ಬಿಗಿ ಜೀನ್ಸ್ ಮತ್ತು ಮನೆಮಂದಿಗೆಲ್ಲ ಒಂದೇ ಟವೆಲಿನ ಪಾಲೂ ಇದೆ.

ಇಷ್ಟೆಲ್ಲ ಆದರೂ ಖಾಲಿ ಬಿಟ್ಟ ಜಾಗ ದೊಡ್ಡದು. ಸಿಮೆಂಟಿನ ಕ್ರೋಮೇಟ್ ಗಾರೆ ಕೆಲಸದವರ ಕೈ ಸೀಳುತ್ತದೆಂದು ಡೆನ್ಮಾರ್ಕ್ 1980ರ ದಶಕದಲ್ಲೇ ಅದಕ್ಕೆ ಫೆರಸ್ ಸಲ್ಫೇಟ್ ಬೆರೆಸಲು ಕಾನೂನು ಮಾಡಿತು. ನಮ್ಮ ಮೇಸ್ತ್ರಿಗಳು ಬರಿಗೈಯಲ್ಲೇ ಗಾರೆ ಕಲಸುತ್ತಿದ್ದಾರೆ. ಲಾಡಿಯ ಗುರುತನ್ನು ತಪ್ಪಿಸಲು ಅಗಲ ಪಟ್ಟಿ ಹೊಲಿಸಿ, ಆಗಾಗ ಕಟ್ಟುವ ಜಾಗ ಬದಲಿಸಿದರೆ ಸಾಕು. ಹೀಗೆಂದು ಹೇಳುವವರು ಕಡಿಮೆ. ಊದುಬತ್ತಿ ಹೊಸೆಯುವವರ ಅಂಗೈ, ಬೀಡಿ ಕಟ್ಟುವವರ ಬೆರಳು, ಒಲೆಯ ಮುಂದೆ ಕೂತವರ ಮೊಣಕಾಲು ನಮ್ಮ ಸಮ್ಮೇಳನಗಳಿಗೆ ಬರುವುದು ವಿರಳ, ಲೇಸರ್ ಯಂತ್ರಗಳು ಪ್ರತಿವರ್ಷ ಬರುತ್ತವೆ. ಹೊರರೋಗಿ ಚೀಟಿಯ ‘ಕಸುಬು’ ಎಂಬ ಸಾಲಿನಲ್ಲಿ ‘ಗೃಹಿಣಿ’ ಎಂದು ಬರೆದು ನಾವು ಮುಂದಕ್ಕೆ ಹೋಗುತ್ತೇವೆ. ಆಕೆ ಮನೆಯಲ್ಲಿ ಕೂತು ಕೂಲಿಗೆ ಏನು ಮಾಡುತ್ತಾಳೆ, ದಿನಕ್ಕೆ ಎಷ್ಟು ಹೊತ್ತು ಅವಳ ಕೈ ನೀರಿನಲ್ಲಿರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಆ ಚೀಟಿಯಲ್ಲಿ ಜಾಗ ಮಾಡಿ, ಉತ್ತರಗಳನ್ನು ಐದು ವರ್ಷ ಬಿಡದೆ ಕೂಡಿಹಾಕಲು ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಯಾವ ಯಂತ್ರವೂ ಬೇಕಿಲ್ಲ.