ಕಲ್ಕತ್ತೆಯ ಸಂಬಳದ ಪಟ್ಟಿ

ಪ್ಲಾಸಿ ಕದನ ಮುಗಿದು ಎರಡೇ ವರ್ಷಕ್ಕೆ, 1759ರಲ್ಲಿ, ಕಲ್ಕತ್ತೆಯ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಗಳು ಮನೆಯಾಳುಗಳ ತಿಂಗಳ ಸಂಬಳವನ್ನು ಗೊತ್ತುಮಾಡಿ ಪಟ್ಟಿ ಹೊರಡಿಸಿದರು. ಖಾನಸಾಮ (ಮನೆವಾರ್ತೆ ನೋಡುವ ಮುಖ್ಯ ಆಳು), ಮುಖ್ಯ ಅಡುಗೆಯವ, ಕೋಚ್‌ಮನ್ ಇವರಿಗೆ ತಲಾ 5 ರೂಪಾಯಿ. ಪಲ್ಲಕ್ಕಿ ಹೊರುವ ಬೋಯಿಗೆ ಎರಡೂವರೆ. ಕುದುರೆ ನೋಡಿಕೊಳ್ಳುವವನಿಗೆ 2. ಒಲ್ಲೆನೆಂದ ಆಳಿಗೆ ಸೆರೆ, ಹೊಡೆತ, ಇಲ್ಲವೇ ಗಡೀಪಾರು. ಇಷ್ಟನ್ನೇ ಓದಿದರೆ ದೊರೆಗಳ ದರ್ಪವೊಂದೇ ಕಣ್ಣಿಗೆ ಬೀಳುತ್ತದೆ. ಆದರೆ ಅದೇ ಆದೇಶ ಯಜಮಾನರನ್ನೂ ಬೆದರಿಸುತ್ತದೆ: ಪಟ್ಟಿಗಿಂತ ಹೆಚ್ಚು ಕೊಟ್ಟವನಿಗೆ ಜಮೀನ್ದಾರಿ ಕಚೇರಿಯಲ್ಲಿ ನ್ಯಾಯವಿಲ್ಲ, ಕಂಪನಿಯ ರಕ್ಷಣೆಯೂ ಇಲ್ಲ. ಹೆಚ್ಚು ಕೊಡಲು ಯಾರೂ ಮುಂದಾಗದಿದ್ದರೆ ಈ ಷರತ್ತು ಯಾಕೆ ಬೇಕಿತ್ತು? ಹೊಸ ಫೋರ್ಟ್ ವಿಲಿಯಂ ಕೋಟೆಯ ಕೆಲಸಕ್ಕೆ ಸಾವಿರಾರು ಕೂಲಿಗಳು ಬೇಕಾಗಿದ್ದ ಕಾಲ ಅದು. ಕಂಪನಿಯ ನೌಕರರ ಕೈಯಲ್ಲಿ ಹೊಸ ದುಡ್ಡೂ ಓಡಾಡುತ್ತಿತ್ತು. ಇಲ್ಲಿ ಆಗದಿದ್ದರೆ ಪಕ್ಕದ ಬಂಗಲೆ ಎನ್ನುವ ಧೈರ್ಯ ಆಳಿಗೆ ಬಂದಿತ್ತು. ಆ ಧೈರ್ಯವನ್ನು ಮುರಿಯಲು ಹುಟ್ಟಿದ್ದು ಈ ಪಟ್ಟಿ ಎಂಬುದು ನನ್ನ ವಾದ.

ಇಂಗ್ಲೆಂಡಿನಲ್ಲೂ 1563ರ ಶಾಸನದಿಂದ ಕೂಲಿದರ ಗೊತ್ತುಮಾಡುವ ಪದ್ಧತಿ ಇತ್ತಲ್ಲ, ಊರಿನ ರೂಢಿಯನ್ನೇ ಇಲ್ಲಿಗೂ ತಂದರು ಎನ್ನಬಹುದು. ರೂಢಿ ತಂದದ್ದು ನಿಜ. ಆದರೆ ಗಂಟಿನಲ್ಲಿದ್ದ ರೂಢಿಯನ್ನು ಬಿಚ್ಚುವ ಹೊತ್ತು ಯಾವಾಗ ಬಂತೆಂಬುದನ್ನು ಅದು ಹೇಳುವುದಿಲ್ಲ. ಮೇಲಾಗಿ ಇಲ್ಲಿ ಆಳು ಇಟ್ಟುಕೊಂಡವರೇ ನ್ಯಾಯಾಧೀಶರು! ಸರ್ಕಾರ ಅಷ್ಟು ಬಲವಾಗಿದ್ದರೆ ಆಳಿಗೆಲ್ಲಿಯ ಬಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅದಕ್ಕೆ 1827ರ ಕಲ್ಕತ್ತೆಯನ್ನು ನೋಡಬೇಕು. ಬೋಯಿಗಳು ಹೆಸರು ನೋಂದಾಯಿಸಬೇಕು, ನಂಬರಿನ ಬಿಲ್ಲೆ ಕಟ್ಟಿಕೊಳ್ಳಬೇಕು, ಗೊತ್ತುಮಾಡಿದ ಬಾಡಿಗೆಗೇ ಹೊರಬೇಕು ಎಂದು ಕಟ್ಟಳೆ ಬಂದಾಗ ಒಡಿಶಾದ ಬೋಯಿಗಳು ಒಟ್ಟಾಗಿ ಪಲ್ಲಕ್ಕಿ ಕೆಳಗಿಟ್ಟರು. ನಡೆದು ಅಭ್ಯಾಸವಿಲ್ಲದ ಸಾಹೇಬರು ಪರದಾಡಿದರು. ಮುಷ್ಕರ ಗೆಲ್ಲಲಿಲ್ಲ, ಬಿಹಾರದ ರವಾನಿ ಬೋಯಿಗಳು ಬಂದು ಜಾಗ ತುಂಬಿದರು. ಅಂದರೆ ಬೋಯಿಗಳನ್ನು ಸೋಲಿಸಿದ್ದು ಬಿಲ್ಲೆಗಿಂತ ಹೆಚ್ಚಾಗಿ ಹೊಸ ಕೂಲಿಗಳ ವಲಸೆ.

ದರ ಗೊತ್ತುಮಾಡುವುದರಿಂದಲೇ ಆಳಿನ ಬಲ ಮುರಿಯಲಾಗದು ಎಂಬುದು ಆಳುವವರಿಗೂ ಅರ್ಥವಾದಂತಿದೆ. 1859ರ ಕಾಯ್ದೆ ಕೂಲಿ ಎಷ್ಟೆಂದು ಹೇಳುವ ಗೋಜಿಗೇ ಹೋಗಲಿಲ್ಲ; ಮುಂಗಡ ಪಡೆದು ಕೆಲಸ ಬಿಟ್ಟವನು ಹಣ ತೀರಿಸಬೇಕು ಅಥವಾ ಕೆಲಸ ಮುಗಿಸಬೇಕು, ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮೂರು ಪ್ರೆಸಿಡೆನ್ಸಿ ನಗರಗಳಿಗೆಂದು ಬಂದ ಈ ಕಾಯ್ದೆ ಮುಂದೆ ಕೊಡಗಿನ ಕಾಫಿ ತೋಟಗಳಿಗೂ ಹಬ್ಬಿ, 1920ರ ದಶಕದ ನಡುವಿನವರೆಗೂ ಉಳಿಯಿತು.