ಹಳೆಯ ವಾಲ್ವ್ ಸೆಟ್‌ನಲ್ಲಿ ಕೋಟಿ ಬೆಲೆಯ 'ಕೆಂಪು ಪಾದರಸ' ಇದೆಯೇ? ವಾಸ್ತವ ಇಲ್ಲಿದೆ

ಅಜ್ಜನ ಕಾಲದ ರೇಡಿಯೊ, ಟಿವಿ ಅಥವಾ ಆಂಪ್ಲಿಫೈಯರ್ ಒಳಗೆ 'ರೆಡ್ ಮರ್ಕ್ಯುರಿ' ಎಂಬ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಕೋಟಿಗಟ್ಟಲೆ ಬೆಲೆಯಿದೆ ಎನ್ನುವ ವಿಡಿಯೊ, ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಕನ್ನಡಿಯಲ್ಲಿ ಅದರ ಪ್ರತಿಬಿಂಬ ಕಾಣುವುದಿಲ್ಲ, ಬೆಳ್ಳುಳ್ಳಿ ಹಿಡಿದರೆ ದೂರ ಸರಿಯುತ್ತದೆ, ಚಿನ್ನ ಹಿಡಿದರೆ ಹತ್ತಿರ ಬರುತ್ತದೆ ಎಂಬ 'ಪರೀಕ್ಷೆ'ಗಳನ್ನೂ ತೋರಿಸುತ್ತಾರೆ. ಇದನ್ನು ನಂಬಿ ಸೆಟ್ ಬಿಚ್ಚಲು ಹೊರಟರೆ ದುಡ್ಡಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಕೆಂಪು ಪಾದರಸ ಎಂಬುದು ಇದೆಯೇ?

ಇಲ್ಲ. ಅಣ್ವಸ್ತ್ರಕ್ಕೆ ಬೇಕಾದ ರಹಸ್ಯ ವಸ್ತು ಎಂಬ ಹೆಸರಿನಲ್ಲಿ ಶೀತಲ ಸಮರದ ಕೊನೆಯ ವರ್ಷಗಳಲ್ಲಿ ಹುಟ್ಟಿಕೊಂಡ ವದಂತಿ ಇದು. ಅಂಥ ವಸ್ತುವೇ ಇಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2004ರಲ್ಲೇ ಹೇಳಿದೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಲ್ಲಿ ಇದು ಇದೆ ಎಂಬ ಸುದ್ದಿ ಹಬ್ಬಿ, ಜನ ದುಬಾರಿ ಬೆಲೆ ಕೊಟ್ಟು ಅವನ್ನು ಕೊಂಡಿದ್ದರು. ಕೆಂಪು ಬಣ್ಣದ ಪಾದರಸದ ಸಂಯುಕ್ತಗಳು ಇರುವುದು ನಿಜ. ಇಂಗಳೀಕ ಅಂಥದ್ದೊಂದು. ಆದರೆ ಅದು ಸಾಮಾನ್ಯ ಖನಿಜ, ಕೋಟಿ ಬಾಳುವುದಿಲ್ಲ.

ಹಾಗಾದರೆ ಗಾಜಿನ ಬುರುಡೆಯಲ್ಲಿ ಹೊಳೆಯುವುದೇನು?

ಟ್ರಾನ್ಸಿಸ್ಟರ್ ಬಳಕೆಗೆ ಬರುವ ಮೊದಲು ದನಿಯನ್ನು ದೊಡ್ಡದು ಮಾಡುತ್ತಿದ್ದುದು ವಾಲ್ವ್‌ಗಳು. ಬೆಂಗಳೂರಿನ ಬಿಇಎಲ್ ಕೂಡ 1960ರ ದಶಕದಲ್ಲಿ ಇವನ್ನು ತಯಾರಿಸುತ್ತಿತ್ತು. ವಾಲ್ವ್‌ನ ಒಳಗೆ ಗಾಳಿ ಇರಬಾರದು. ಅಳಿದುಳಿದ ಅನಿಲವನ್ನು ಹೀರಿಕೊಳ್ಳಲೆಂದು ಗಾಜಿನ ಒಳಮೈಗೆ ಬೇರಿಯಂ ಲೋಹದ ತೆಳು ಲೇಪ ಬರುವಂತೆ ಮಾಡಿರುತ್ತಾರೆ. ಬೆಳ್ಳಿಯಂತೆ ಹೊಳೆಯುವ ಆ ಕಲೆಯನ್ನೇ ಹಲವರು ಪಾದರಸ ಎಂದುಕೊಳ್ಳುತ್ತಾರೆ. ಅದು ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಒಳನುಗ್ಗಿ ವಾಲ್ವ್ ಸತ್ತಿದೆ ಎಂದರ್ಥ. ಹಳೆಯ ಸೆಟ್ ಕೊಳ್ಳುವವರು ಮೊದಲು ನೋಡಬೇಕಾದದ್ದೂ ಇದನ್ನೇ.

ಸೆಟ್‌ಗೆ ನಿಜವಾದ ಬೆಲೆ ಇಲ್ಲವೇ?

ಇದೆ, ಆದರೆ ಅದು ಸಂಗ್ರಹಕಾರರು ಮತ್ತು ಸಂಗೀತಪ್ರಿಯರು ಕೊಡುವ ಬೆಲೆ. ಇಸಿಸಿ83, ಇಎಲ್84, ಇಎಲ್34ರಂಥ ಒಳ್ಳೆಯ ಸ್ಥಿತಿಯ ವಾಲ್ವ್‌ಗಳಿಗೆ ಇಂದಿಗೂ ಬೇಡಿಕೆ ಇದೆ. 'ಪಾದರಸ'ಕ್ಕಾಗಿ ಗಾಜು ಒಡೆದರೆ ಆ ಬೆಲೆಯೂ ಹೋಯಿತು. ಕೊಳ್ಳುವಾಗ ಟ್ರಾನ್ಸ್‌ಫಾರ್ಮರ್‌ಗಳು ಸರಿಯಿವೆಯೇ ಎಂದು ತಿಳಿದವರಿಂದ ನೋಡಿಸಿ. ವಾಲ್ವ್ ಕಿತ್ತು ಬೇರೆಯದು ಹಾಕಬಹುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಅದಕ್ಕೆ ಹೊಂದುವ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ.

ನೇರವಾಗಿ ಪ್ಲಗ್ ಹಾಕಬೇಡಿ

ದಶಕಗಳಿಂದ ಮೂಲೆಯಲ್ಲಿದ್ದ ಸೆಟ್‌ಗೆ ಒಮ್ಮೆಲೇ ಕರೆಂಟ್ ಕೊಟ್ಟು 'ಹಾಡುತ್ತದೆಯೇ' ಎಂದು ನೋಡುವುದು ಸಾಮಾನ್ಯ ತಪ್ಪು. ಒಳಗಿನ ಕೆಪಾಸಿಟರ್‌ಗಳು ವಯಸ್ಸಾದಂತೆ ಕೆಡುತ್ತವೆ. ಕಾಗದದ ಕೆಪಾಸಿಟರ್ ಸೋರಿದರೆ ಔಟ್‌ಪುಟ್ ವಾಲ್ವ್ ಮಿತಿಮೀರಿ ಕಾಯ್ದು, ತನ್ನ ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಅದಕ್ಕೇ ಮೆಕ್ಯಾನಿಕ್‌ಗಳು ಮೊದಲು ಕೆಟ್ಟ ಕೆಪಾಸಿಟರ್ ಬದಲಿಸಿ, ನಂತರ ಫಿಲಮೆಂಟ್ ಬಲ್ಬ್ ಇರುವ ಸೀರೀಸ್ ಬೋರ್ಡ್ ಮೂಲಕ ಕರೆಂಟ್ ಕೊಡುತ್ತಾರೆ. ಬಲ್ಬ್ ಮೊದಲು ಹೊಳೆದು ಆಮೇಲೆ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇರಬಹುದು, ಕೂಡಲೇ ಆಫ್ ಮಾಡಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ಓಡಿಸಲೂಬಾರದು.

ಜೀವಕ್ಕೆ ಅಪಾಯ ಎಲ್ಲಿ?

ವಾಲ್ವ್ ಸೆಟ್ ಒಳಗೆ ಸಾಮಾನ್ಯವಾಗಿ 250ರಿಂದ 400 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಹಿಂದಿನ ಕೆಲವು ಎಸಿ-ಡಿಸಿ ರೇಡಿಯೊಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಅಂಥವುಗಳಲ್ಲಿ ಕಬ್ಬಿಣದ ಚಾಸಿಸ್ ನೇರ ಲೈನ್‌ಗೆ ಸೇರಿರುತ್ತದೆ, ಮುಟ್ಟಿದರೆ ಶಾಕ್ ಗ್ಯಾರಂಟಿ. ವಿಡಿಯೊ ನೋಡಿಕೊಂಡು ಬಿಚ್ಚುವ ಕೆಲಸ ಇದಲ್ಲ. ವಾಲ್ವ್ ಸೆಟ್ ರಿಪೇರಿ ಬಲ್ಲ ಮೆಕ್ಯಾನಿಕ್‌ಗೇ ಕೊಡಿ.

'ಖರೀದಿದಾರ' ಫೋನ್ ಮಾಡಿದರೆ?

ಕೆಂಪು ಪಾದರಸ ಕೊಳ್ಳುತ್ತೇವೆ, ಆದರೆ ಮೊದಲು ಪರೀಕ್ಷೆಗೆ, ಲೈಸೆನ್ಸ್‌ಗೆ ಅಥವಾ ಸಾಗಾಟಕ್ಕೆ ಇಷ್ಟು ಕಳಿಸಿ ಎಂದು ಯಾರಾದರೂ ಕೇಳಿದರೆ ಅದು ವಂಚನೆ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ: ಹಳೆಯ ರೇಡಿಯೊ, ಆಂಪ್ಲಿಫೈಯರ್‌ಗಳಲ್ಲಿ ಕೋಟಿ ಬೆಲೆಯ ಕೆಂಪು ಪಾದರಸ ಇದೆ ಎಂಬುದು ಸುಳ್ಳು. ಅಜ್ಜನ ಸೆಟ್ ಒಡೆಯಬೇಡಿ. ಸರಿಯಾಗಿ ದುರಸ್ತಿಯಾದರೆ ಅದು ಮತ್ತೆ ಹಾಡಬಲ್ಲದು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು, ಕಳಿಸಿದವರಿಗೆ ಈ ವಿಷಯ ತಿಳಿಸಿ.