ಚಿತ್ರಕರ್ಮ: ಗ್ರಂಥವೂ ಹಸ್ತಾಭ್ಯಾಸವೂ

ವಿದ್ಯೆಗಳಲ್ಲಿ ಕೆಲವು ಬಾಯಿಂದ ಕಿವಿಗೆ ಬರತಕ್ಕವು; ಕೆಲವು ಕಣ್ಣಿನಿಂದ ಕೈಗೆ ಬರತಕ್ಕವು. ಚಿತ್ರಕರ್ಮವು ಎರಡನೆಯ ಬಗೆಯದು. ಶ್ಲೋಕವನ್ನು ಕಂಠಪಾಠಮಾಡಿದವನಿಗೆ ಶ್ಲೋಕವು ವಶವಾಗುವುದು. ವರ್ಣಗಳ ಹೆಸರುಗಳನ್ನು ಕಂಠಪಾಠಮಾಡಿದ ಮಾತ್ರಕ್ಕೆ ಒಂದು ಗೆರೆಯೂ ಕೈವಶವಾಗದು. ಆದಾಗ್ಯೂ ಈ ಕರ್ಮದ ಕ್ರಮವನ್ನು ಸಾಂಗವಾಗಿ ಬರೆದಿಟ್ಟ ಕೀರ್ತಿಯು ಕನ್ನಡನಾಡಿನ ಅರಸನೊಬ್ಬನಿಗೆ ಸಲ್ಲುವುದು. ಆ ಬರಹವು ಉಳಿದ ಬಗೆಯೂ ಆ ಕೈಗೆಲಸವು ಉಳಿದ ಬಗೆಯೂ ಬೇರೆಬೇರೆಯಾಗಿವೆ. ಎರಡನ್ನೂ ಒಟ್ಟಿಗೆ ನೋಡುವುದು ಉಚಿತವಾಗಿದೆ.

ಕೆಲವು ದಶಕಗಳ ತರುವಾಯ ಶರಣರ ನೆಲೆವೀಡಾದ ಕಲ್ಯಾಣದಲ್ಲಿ ಭೂಲೋಕಮಲ್ಲನೆಂಬ ಬಿರುದನ್ನು ಹೊಂದಿದ್ದ ಚಾಲುಕ್ಯ ಮೂರನೆಯ ಸೋಮೇಶ್ವರನು 1126ರಿಂದ 1138ರ ವರೆಗೆ ಆಳಿದನು. ಅವನು ರಚಿಸಿದ ಸಂಸ್ಕೃತಗ್ರಂಥವಾದ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂದೂ ಹೆಸರುಂಟು. ಐದು ವಿಂಶತಿಗಳಾಗಿ ವಿಭಾಗಹೊಂದಿದ ಇದರ 100 ಅಧ್ಯಾಯಗಳಲ್ಲಿ ರಾಜನೀತಿ, ಆನೆಕುದುರೆಗಳು, ಅಡಿಗೆ, ಸಂಗೀತ ಮುಂತಾದ ಬಹುವಿಷಯಗಳು ಬಂದಿವೆ. ಮೂರನೆಯ ವಿಂಶತಿಯಲ್ಲಿ ಗೃಹನಿರ್ಮಾಣವನ್ನು ಹೇಳುವಾಗ ಗೋಡೆಯ ಮೇಲೆ ಚಿತ್ರ ಬರೆಯುವ ವಿಧಾನವು ನಿರೂಪಿತವಾಗಿದೆ.

ಅಲ್ಲಿ ಮೊದಲು ಬರುವುದು ಭಿತ್ತಿಯ ಸಂಸ್ಕಾರ. ಸುಣ್ಣದ ಗಾರೆಯಿಂದ ನುಣುಪಾದ ಗೋಡೆಯು ಸಿದ್ಧವಾಗಬೇಕು. ಎಮ್ಮೆಯ ಹಸಿತೊಗಲನ್ನು ನೀರಿನಲ್ಲಿ ಬೆಣ್ಣೆಯಂತೆ ಮೃದುವಾಗುವ ತನಕ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿದ ಅಂಟಿಗೆ ವಜ್ರಲೇಪವೆಂದು ಹೆಸರು. ಇದನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣನ್ನು ಕೂಡಿಸಿ, ಗೋಡೆಗೆ ಮೂರು ಸಲ ಬಳಿಯಬೇಕು. ಆ ಬಳಿಕ ರೇಖಾಕರ್ಮ. ಕಾಡಿಗೆಯನ್ನು ಅನ್ನದೊಡನೆ ಅರೆದು ಬತ್ತಿಯಂತೆ ಹೊಸೆದ ವರ್ತಿಕೆಯಿಂದ ಆಕೃತಿಯನ್ನು ಗುರುತಿಸುವುದು. ಕುಂಚಗಳಲ್ಲಿ ದಪ್ಪ, ನಡುತರ, ಸಣ್ಣ ಎಂಬ ಭೇದಗಳುಂಟು. ದಪ್ಪನೆಯದಕ್ಕೆ ಕರುವಿನ ಕಿವಿಯ ಕೂದಲು ವಿಹಿತವಾಗಿದೆ. ಬಣ್ಣ ತುಂಬುವಾಗ ಉಬ್ಬಿದ ಎಡೆಯನ್ನು ಉಜ್ಜ್ವಲವಾಗಿಯೂ ತಗ್ಗಿದ ಎಡೆಯನ್ನು ಶ್ಯಾಮಲವಾಗಿಯೂ ಕಾಣಿಸಬೇಕು. ಶಂಖದಿಂದ ಬಿಳುಪು, ಹರಿತಾಳದಿಂದ ಹಳದಿ, ಕಾಡಿಗೆಯಿಂದ ಕಪ್ಪು ದೊರೆಯುವುವು. ಚಿನ್ನದ ತಗಡನ್ನು ಕಲ್ಲಿನ ಮೇಲೆ ಅರೆದು, ಕಲ್ಲಿನ ಪುಡಿ ಹೋಗುವಂತೆ ಮರಳಿ ಮರಳಿ ನೀರಿನಲ್ಲಿ ತೊಳೆದು, ವಜ್ರಲೇಪದೊಡನೆ ಬೆರೆಸಿ ಹಚ್ಚಿ, ಒಣಗಿದ ಮೇಲೆ ಹಂದಿಯ ಕೋರೆಹಲ್ಲಿನಿಂದ ಹೊಳಪು ಬರುವ ತನಕ ಮೆಲ್ಲಗೆ ಉಜ್ಜಬೇಕು.

ಕಲ್ಯಾಣದ ಅರಮನೆಗಳ ಗೋಡೆಗಳು ಇಂದು ಉಳಿದಿಲ್ಲ. ಆದರೆ ಈ ನಾಡಿನ ಚಿತ್ರಕಾರರ ಕೈ ನಿಲ್ಲಲಿಲ್ಲ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಲೇಪಾಕ್ಷಿಯ ವೀರಭದ್ರದೇವಾಲಯದ ಮೇಲ್ಛಾವಣಿಯು ಕಿರಾತಾರ್ಜುನರ ಕಥೆಯೇ ಮುಂತಾದ ಚಿತ್ರಗಳಿಂದ ತುಂಬಿತು. 1565ರಲ್ಲಿ ವಿಜಯನಗರವು ಹಾಳಾಗಲು ಚಿತ್ರಕಾರರು ಬೇರೆ ಆಶ್ರಯಗಳನ್ನು ಅರಸಿ ಹೋದರು. 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಶೈಲಿಯು ಬೇರೂರಿತೆಂದು ಪರಂಪರೆಯು ಹೇಳುತ್ತದೆ. ಆ ಪಟ್ಟಣದಲ್ಲಿಯೇ 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಗಳು 1780ರ ಪೊಳ್ಳಿಲೂರಿನ ಯುದ್ಧದ ಚಿತ್ರದಿಂದ ಪ್ರಸಿದ್ಧವಾಗಿವೆ. 1799ರಲ್ಲಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕಲೆಯನ್ನು ವಿಶೇಷವಾಗಿ ಪೋಷಿಸಿದರು. ಅವರು ಸಿದ್ಧಪಡಿಸಿದ ಶ್ರೀತತ್ತ್ವನಿಧಿಯಲ್ಲಿ ದೇವತಾಮೂರ್ತಿಗಳ ಲಕ್ಷಣಗಳು ಚಿತ್ರಸಹಿತವಾಗಿ ಕೊಡಲ್ಪಟ್ಟಿವೆ. 1861ರ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆ ಕಾಲದ ಚಿತ್ರಗಳನ್ನು ಕಾಣಬಹುದು.

ಮೈಸೂರಿನ ಪಟಚಿತ್ರದ ಕ್ರಮವನ್ನು ಕಲ್ಯಾಣದ ಗ್ರಂಥದೊಡನೆ ಹೋಲಿಸಿದರೆ ಪದಾರ್ಥಗಳು ಬದಲಾದರೂ ನಡೆಯು ಬದಲಾಗಲಿಲ್ಲವೆಂಬುದು ವ್ಯಕ್ತವಾಗುವುದು. ಗೋಡೆಗೆ ಬದಲಾಗಿ ಕಾಗದವನ್ನು ಅಂಟಿಸಿದ ಹಲಗೆ. ಕಾಡಿಗೆಯ ಬತ್ತಿಗೆ ಬದಲಾಗಿ ಹುಣಿಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲು. ಸಣ್ಣ ಗೆರೆಗೆ ಅಳಿಲಿನ ಕೂದಲಿನ ಕುಂಚ. ಮೊದಲು ಆಕಾಶ, ಬೆಟ್ಟ, ನದಿ. ಆಮೇಲೆ ಪ್ರಾಣಿಗಳೂ ಮನುಷ್ಯರೂ. ಚಿನ್ನವನ್ನು ಮಾತ್ರ ಬೇರೆ ರೀತಿಯಲ್ಲಿ ಕೂಡಿಸಿದರು. ಆಭರಣ, ಸೆರಗು, ಕಮಾನುಗಳಿರುವಲ್ಲಿ ಮಕ್ಕಿಯೆಂಬ ಹಳದಿಯ ಅಂಟನ್ನೂ ಸಫೇದವನ್ನೂ ಬೆರೆಸಿದ ಲೇಪದಿಂದ ಸ್ವಲ್ಪವೇ ಉಬ್ಬುಗೆಲಸ ಮಾಡಿ ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವರು. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಹೆಚ್ಚು. ಮೈಸೂರಿನಲ್ಲಿ ಅದು ಗೆರೆಯನ್ನು ಮೀರದಷ್ಟು ತಗ್ಗು. ಕೊನೆಗೆ ಉಜ್ಜಿ ಹೊಳಪು ತರುವ ಕೆಲಸವು ಎರಡು ಕಾಲಗಳಿಗೂ ಸಮಾನವಾಗಿದೆ.

ಇಲ್ಲಿಯೇ ಗ್ರಂಥದ ಎಲ್ಲೆಯೂ ತೋರುವುದು. ತೊಗಲು ಬೆಣ್ಣೆಯಂತಾಗಬೇಕೆಂದು ಗ್ರಂಥವು ಹೇಳಬಲ್ಲದು. ಯಾವ ಕ್ಷಣದಲ್ಲಿ ಆಯಿತೆಂಬುದನ್ನು ಬೆರಳು ಹೇಳಬೇಕು. ಲೇಪವು ಹಸಿಯಾಗಿದ್ದರೆ ಚಿನ್ನವು ಕೆಡುವುದು, ಒಣಗಿಹೋದರೆ ಅಂಟದು. ನಡುವಣ ಹದವನ್ನು ಗುರುವಿನ ಪಕ್ಕದಲ್ಲಿ ಕುಳಿತು ಬಣ್ಣ ಅರೆದ ಶಿಷ್ಯನೇ ಬಲ್ಲನು. ಮನೆತನದ ಮಕ್ಕಳು ಅರೆಯುವುದರಿಂದ ಮೊದಲುಗೊಂಡು ಗೆರೆಯ ವರೆಗೆ ಹೀಗೆಯೇ ಕಲಿಯುತ್ತಿದ್ದರು.

1868ರಲ್ಲಿ ಮುಮ್ಮಡಿಯವರು ಗತಿಸಲು ಆಶ್ರಯವು ಕುಗ್ಗಿತು, ಚಿತ್ರಕಾರರು ಚದರಿದರು. ಸೋಮೇಶ್ವರನ ಗ್ರಂಥವಾದರೋ ಓಲೆಗಳಲ್ಲಿ ಶತಮಾನಗಳನ್ನು ಕಳೆದು, 1926ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಗ್ರಂಥಕ್ಕೆ ಎಂಟು ನೂರು ವರ್ಷಗಳ ಮೌನವನ್ನು ಸಹಿಸುವ ಶಕ್ತಿಯುಂಟು. ಕೈಗೆಲಸಕ್ಕೆ ಆ ಶಕ್ತಿಯಿಲ್ಲ. ಒಂದು ತಲೆಮಾರು ಶಿಷ್ಯರಿಲ್ಲದೆ ಕಳೆದರೆ ಅದು ನಷ್ಟವಾಗುವುದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಈಗ ಕಾಯಿದೆಯ ಮೇರೆಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿರುವುದು ಸಂತೋಷದ ವಿಷಯವೇ. ಆದರೆ ಕಾಯಿದೆಯು ಹೆಸರನ್ನು ಕಾಯುವುದು. ಹದವನ್ನು ಕಾಯತಕ್ಕವರು ಕಲಿಸುವವರೂ ಕಲಿಯುವವರೂ ಮಾತ್ರ.

ಅರಸನ ಹೆಸರು ಗ್ರಂಥದಲ್ಲಿದೆ. ತೊಗಲು ಕುದಿಸಿ, ಚಿನ್ನ ತೊಳೆದವರ ಹೆಸರುಗಳು ಎಲ್ಲಿಯೂ ಇಲ್ಲ. ಕಾಯಕವನ್ನು ಪೂಜ್ಯವೆಂದು ಬಗೆಯುವ ಜನರು, ಹೆಸರಿಲ್ಲದ ಆ ಕೈಗಳನ್ನೂ ಗ್ರಂಥಕರ್ತನೊಡನೆ ಸಮಾನವಾಗಿ ಸ್ಮರಿಸುವುದು ನ್ಯಾಯವು.